ತಿರುಗಿಸಿಟ್ಟ ತಟ್ಟೆ

ಫೆಬ್ರವರಿ 2, ಸೋಮವಾರ

ಲ್ಯಾಬಿಗೆ ಬಣ್ಣ ಮಾರುವ ಕಂಪನಿಯವರು ಕೊಟ್ಟ ಡೈರಿ ಇದು. ಪ್ರತಿ ವರ್ಷ ಒಂದು ಬರುತ್ತದೆ, ಫೋನಿನ ಪಕ್ಕ ಬಿದ್ದು ಹಳತಾಗುತ್ತದೆ. ಈ ಸಲ ಬರೆಯೋಣ ಅನ್ನಿಸಿತು. ಇಡೀ ದಿನ ಬಾಯಿ ತೆರೆಯದೆ ಕೆಲಸ ಮಾಡಿ ಬಂದು, ಮನೆ ಬೀಗ ತೆಗೆಯುವಾಗ ಒಮ್ಮೆ ಕೆಮ್ಮಿದೆ. ಯಾರೋ ಕೆಮ್ಮಿದರು ಅಂತ ಬೆಚ್ಚಿಬಿದ್ದೆ. ನೋಡಿದರೆ ನನ್ನದೇ ದನಿ. ಇದು ಒಳ್ಳೆಯ ಲಕ್ಷಣವಲ್ಲ.

ಇವತ್ತಿನಿಂದ ಹೊಸ ಡಾಕ್ಟರು. ಮೂವತ್ತೈದು ಇರಬಹುದು, ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಮನಸ್ಸಿನಲ್ಲೇ ‘ಮರಿ ಡಾಕ್ಟರು’ ಅಂತ ಹೆಸರಿಟ್ಟೆ. ಎದೆನೋವೆಂದು ಡಿಸೆಂಬರಿನಲ್ಲಿ ಕೆಲಸ ಬಿಟ್ಟುಹೋದ ದೊಡ್ಡ ಡಾಕ್ಟರ ಕುರ್ಚಿಯನ್ನು ಬಂದ ಕೂಡಲೇ ತಗ್ಗಿಸಿಕೊಂಡಳು. ಹತ್ತೊಂಬತ್ತು ವರ್ಷ ಒಂದೇ ಎತ್ತರದಲ್ಲಿದ್ದ ಕುರ್ಚಿ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ, ಇವಳದ್ದೂ ಎಷ್ಟು ದಿನವೋ ನೋಡೋಣ.

ನನ್ನನ್ನು ಕಂಡು "ನಮಸ್ಕಾರ ಅಕ್ಕ" ಅಂದಳು. ನನಗೆ ತಂಗಿ ಅಂತ ಇರುವವಳು ಒಬ್ಬಳೇ, ಅವಳೇ ಸಾಕು.

ಫೆಬ್ರವರಿ 5, ಗುರುವಾರ

ಸಿಟ್ಟು ಬಂದಿದೆ. ಬರೆದರೆ ಇಳಿದೀತು.

ಆ ಕಡೆ ಆಪರೇಷನ್ ಕೋಣೆ, ಈ ಕಡೆ ನನ್ನ ಲ್ಯಾಬು, ನಡುವಿನ ಗೋಡೆಯಲ್ಲಿ ಟಿಕೆಟ್ ಕೊಡುವಷ್ಟು ದೊಡ್ಡ ಕಿಟಕಿ. ನಮ್ಮಲ್ಲಿಗೆ ಬರುವವರೆಲ್ಲ ಮುಖದ ಚರ್ಮದ ಕ್ಯಾನ್ಸರಿನವರು. ರೋಗಿಗೆ ಎಚ್ಚರವಿರುತ್ತದೆ, ಆ ಜಾಗ ಮಾತ್ರ ಮರಗಟ್ಟಿರುತ್ತದೆ. ಡಾಕ್ಟರು ಮೊದಲು ಚರ್ಮದ ಮೇಲೆ ಎರಡು ಗೀರು ಹಾಕುತ್ತಾರೆ, ಮೇಲೊಂದು, ಕೆಳಗೊಂದು. ಆಮೇಲೆ ಬಿಲ್ಲೆಯ ಹಾಗೆ ತೆಳ್ಳಗೆ ಕತ್ತರಿಸಿ ತಟ್ಟೆಯಲ್ಲಿಡುತ್ತಾರೆ. ಅದು ಎಲ್ಲಿಂದ ಬಂತು ಅಂತ ಮುಖದ ನಕ್ಷೆಯಿರುವ ಹಾಳೆಯಲ್ಲಿ ಗುರುತು ಮಾಡಿ, ಎರಡನ್ನೂ ಕಿಟಕಿಯಲ್ಲಿ ಈಚೆಗೆ ದೂಡುತ್ತಾರೆ. ನಾನು ಬಿಲ್ಲೆಯ ಮೇಲಿನ ಅಂಚಿಗೆ ಕೆಂಪು, ಕೆಳಗಿನ ಅಂಚಿಗೆ ನೀಲಿ ಹಚ್ಚಿ, ನಕ್ಷೆಯಲ್ಲೂ ಹಾಗೆಯೇ ಹಚ್ಚಿ, ಬಿಲ್ಲೆಯನ್ನು ಕ್ರಯೋಸ್ಟಾಟಿಗೆ ಹಾಕುತ್ತೇನೆ. ಒಳಗೆ ಕತ್ತಿಯಿರುವ ಫ್ರೀಜರ್ ಅಂದುಕೊಂಡರೆ ಆಯಿತು. ಅದು ಹೆರೆದುಕೊಟ್ಟ ಪದರವನ್ನು ಸ್ಲೈಡಿನ ಮೇಲೆ ಹಿಡಿದು, ಬಣ್ಣ ಕುಡಿಸಿ ಡಾಕ್ಟರಿಗೆ ಕೊಡುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಕೆಂಪಿನ ಹತ್ತಿರ ಕ್ಯಾನ್ಸರ್ ಉಳಿದಿರುವುದು ಕಂಡರೆ ಅವರು ಗಾಯದ ಮೇಲ್ಭಾಗದಲ್ಲಿ ಇನ್ನಷ್ಟು ಕತ್ತರಿಸುತ್ತಾರೆ, ನೀಲಿಯ ಹತ್ತಿರ ಕಂಡರೆ ಕೆಳಭಾಗದಲ್ಲಿ. ಎಲ್ಲೂ ಇಲ್ಲದಿದ್ದರೆ ಹೊಲಿಗೆ. ಅಂದರೆ ಅವರು ನಂಬುವುದು ನನ್ನ ಬಣ್ಣವನ್ನು. ಬಣ್ಣ ಅದಲುಬದಲಾದರೆ ಕಳ್ಳ ಒಂದು ಬೀದಿಯಲ್ಲಿ, ಪೊಲೀಸರು ಇನ್ನೊಂದು ಬೀದಿಯಲ್ಲಿ.

ದೊಡ್ಡ ಡಾಕ್ಟರು ರೋಗಿಯ ತಲೆಯ ಹಿಂದೆ ಕೂತು ಕೆಲಸ ಮಾಡುತ್ತಿದ್ದರು. ಮುಖ ಅವರಿಗೆ ತಲೆಕೆಳಗಾಗಿ ಕಾಣುತ್ತಿತ್ತು, ಬಿಲ್ಲೆಯನ್ನೂ ತಟ್ಟೆಯಲ್ಲಿ ಹಾಗೆಯೇ ತಲೆಕೆಳಗಾಗಿ ಇಡುತ್ತಿದ್ದರು. ನಕ್ಷೆ ಮಾತ್ರ ನೆಟ್ಟಗೆ. ಸೇರಿದ ಮೊದಲ ವಾರವೇ ಕಿಟಕಿಯಲ್ಲಿ ಬಗ್ಗಿ ನೋಡಿ ಇದನ್ನು ಕಂಡುಕೊಂಡೆ. ಹೇಳಲು ಬಾಯಿ ಬರಲಿಲ್ಲ, ಹೊಸ ಕೆಲಸ. ತಟ್ಟೆ ಬಂದ ಕೂಡಲೇ ಅರ್ಧ ಸುತ್ತು ತಿರುಗಿಸಿಟ್ಟುಕೊಂಡೆ. ಹಾಗೆಯೇ ಹತ್ತೊಂಬತ್ತು ವರ್ಷ ತಿರುಗಿಸಿದೆ. ಒಂದು ನಕ್ಷೆಯೂ ತಪ್ಪಲಿಲ್ಲ. ಅವರಿಗೆ ಇದು ಗೊತ್ತೇ ಇರಲಿಲ್ಲ ಅಂತ ಕಾಣುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಾವಿಬ್ಬರೂ ಬಂಗಾರದವರು.

ಮರಿ ಡಾಕ್ಟರು ತಟ್ಟೆಯನ್ನು ತಾನೇ ತಿರುಗಿಸಿ, ನಕ್ಷೆಯಲ್ಲಿರುವ ಹಾಗೆಯೇ ಕೊಡುತ್ತಾಳೆ. ಅದು ಸರಿ. ಸರಿಯಾಗಿರುವುದೇ ತೊಂದರೆ. ಪ್ರತಿ ಸಲವೂ ನನ್ನ ಕೈ ತಿರುಗಿಸಲು ಮುಂದೆ ಹೋಗುತ್ತದೆ, ನಾನು ಹಿಂದಕ್ಕೆಳೆದುಕೊಳ್ಳಬೇಕು. ಸಾಲದ್ದಕ್ಕೆ ಹೊಸದೊಂದು ಪದ್ಧತಿ.

"ಅಕ್ಕ, ತಟ್ಟೆ ಕೈ ಬದಲಾಗೋ ಮುಂಚೆ ಮೇಲುಗಡೆ ಯಾವುದು ಅಂತ ನಾನು ಜೋರಾಗಿ ಹೇಳ್ತೀನಿ. ನೀವೂ ಅದನ್ನೇ ಜೋರಾಗಿ ವಾಪಸ್ ಹೇಳ್ಬೇಕು."

"ಯಾಕೆ, ನಂಗೆ ಕಣ್ಣು ಕಾಣಲ್ವಾ?"

"ಕಾಣತ್ತೆ. ಆದ್ರೂ ಹೇಳಿ."

ತಲೆ ಆಡಿಸಿದೆ. ಬಾಯಿಪಾಠ ಒಪ್ಪಿಸಲು ನಾನೇನು ಒಂದನೇ ಕ್ಲಾಸಿನವಳಲ್ಲ. ಇವತ್ತು ಅವಳು ಹೇಳಿದಾಗಲೆಲ್ಲ ತಲೆ ಆಡಿಸಿಯೇ ತಟ್ಟೆ ತೆಗೆದುಕೊಂಡೆ. ಎರಡು ಸಲ ಕಾದು ನೋಡಿದಳು, ಮೂರನೇ ಸಲ ಬಿಟ್ಟಳು.

ಫೆಬ್ರವರಿ 8, ಭಾನುವಾರ

ತಂಗಿಯ ಫೋನು. ಪ್ರತಿ ಭಾನುವಾರ ಹತ್ತು ಗಂಟೆಗೆ, ಕರ್ತವ್ಯದ ಹಾಗೆ.

"ಏನಕ್ಕ ಸಮಾಚಾರ?"

"ಏನಿರತ್ತೆ?"

"ದೊಡ್ಡ ಡಾಕ್ಟರು ಹೇಗಿದಾರೆ? ಒಂದು ಫೋನ್ ಮಾಡಿ ವಿಚಾರಿಸ್ಬಾರ್ದಾ?"

ಅವರಿಗೆ ಫೋನ್ ಮಾಡಿ ಏನು ಮಾತಾಡಲಿ? ಹತ್ತೊಂಬತ್ತು ವರ್ಷ ನಮ್ಮ ನಡುವೆ ಇದ್ದ ಮಾತೇ ಎರಡು. ಕಿಟಕಿಯ ಆಚೆಯಿಂದ "ಆಯ್ತಾ?" ಈಚೆಯಿಂದ "ಆಯ್ತು." ಆದರೆ ಆ ‘ಆಯ್ತಾ’ದಲ್ಲಿ ನೂರು ಬಗೆ. ಖುಷಿಯ ಆಯ್ತಾ, ತಲೆನೋವಿನ ಆಯ್ತಾ, ಮನೆಯಲ್ಲಿ ಜಗಳವಾಡಿ ಬಂದ ಆಯ್ತಾ. ಕೇಳಿದ ಕೂಡಲೇ ಇವತ್ತು ಅವರಿಗೆ ಹೇಗಿದೆ ಅಂತ ನನಗೆ ತಿಳಿಯುತ್ತಿತ್ತು. ನನ್ನ ‘ಆಯ್ತು’ವಿನಿಂದ ಅವರಿಗೆ ಏನಾದರೂ ತಿಳಿಯುತ್ತಿತ್ತೋ ಇಲ್ಲವೋ, ಕೇಳಲಿಲ್ಲ.

ಇಸ್ತ್ರಿ ಮಾಡಿದೆ. ಬ್ರೆಡ್ಡು, ಮೊಟ್ಟೆ ತಿಂದೆ. ಮೇಲಿನ ಮನೆಯವರು ಮೇಜೋ ಮಂಚವೋ ಸರಿಸಿದ ಸದ್ದು. ಇನ್ನೊಮ್ಮೆ ಸರಿಸಲಿ ಅಂತ ಕಾದೆ.

ಫೆಬ್ರವರಿ 17, ಮಂಗಳವಾರ

ಮರಿ ಡಾಕ್ಟರು ಕಿಟಕಿಯಲ್ಲಿ ಒಂದು ಲೋಟ ಚಹಾ ಇಟ್ಟು ಹೋದಳು. ತಟ್ಟೆ ಬರುವ ಜಾಗದಲ್ಲಿ ಚಹಾ ಇಡಬಾರದು ಅಂತ ಯಾರೂ ಇವಳಿಗೆ ಕಲಿಸಿಲ್ಲ. ಆರಿದ ಮೇಲೆ ಕುಡಿದೆ. ಸಕ್ಕರೆ ಸರಿಯಾಗಿತ್ತು.

ಫೆಬ್ರವರಿ 24, ಮಂಗಳವಾರ

ಬೆಳಗ್ಗೆ ಮುಂದಿನ ಕೌಂಟರಿನವಳು ಬಾಗಿಲಲ್ಲಿ ತಲೆ ಹಾಕಿದಳು. "ಗೊತ್ತಾಯ್ತಾ? ದೊಡ್ಡ ಡಾಕ್ಟರು ನಿನ್ನೆ ಸಂಜೆ ತೀರಿಕೊಂಡ್ರಂತೆ. ಗ್ರೂಪಲ್ಲಿ ಬಂದಿದೆ."

ನಾನು ಆ ಗ್ರೂಪಿನಲ್ಲಿಲ್ಲ.

ಏಳು ಜನ ರೋಗಿಗಳಿದ್ದರು. ತಟ್ಟೆ ಬಂದಂತೆ ತಿರುಗಿಸಿ, ಬಣ್ಣ ಹಚ್ಚಿ, ಹೆರೆದು, ಎಲ್ಲ ಮುಗಿಸಿದೆ. ಯಾವುದೂ ತಪ್ಪಲಿಲ್ಲ.

ಊಟ ಸೇರಲಿಲ್ಲ.

ಫೆಬ್ರವರಿ 25, ಬುಧವಾರ

ಮಧ್ಯಾಹ್ನ ಎಲ್ಲರೂ ಅವರ ಮನೆಗೆ ಹೋಗಿಬಂದರು. "ಲ್ಯಾಬಲ್ಲಿ ಒಬ್ಬರಾದ್ರೂ ಇರ್ಬೇಕಲ್ಲ" ಅಂತ ನಾನೇ ಹೇಳಿದೆ. ಯಾರೂ ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಹೋಗುತ್ತಿದ್ದೆ.

ಹೆಂಡತಿ ಅಳಬಹುದು, ಮಗಳು ಅಳಬಹುದು. ಗೋಡೆಯ ಈಚೆಯವಳು ಏನೆಂದು ಹೇಳಿಕೊಂಡು ಅಳಬೇಕು? ನಾನು ಅಳಲಿಲ್ಲ. ಕತ್ತಿಯ ಅಲಗು ಬದಲಾಯಿಸಿದೆ.

ಫೆಬ್ರವರಿ 27, ಶುಕ್ರವಾರ

ನಿಧಾನವಾಗಿ ಬರೆಯುತ್ತೇನೆ.

ವಾರದ ಸ್ಲೈಡುಗಳನ್ನು ಪೆಟ್ಟಿಗೆಗೆ ಜೋಡಿಸುವ ಮೊದಲು ಒಂದೊಂದನ್ನೂ ನೋಡುವುದು ನನ್ನ ಅಭ್ಯಾಸ. ಯಾರೂ ಹೇಳಿದ್ದಲ್ಲ. ಮಂಗಳವಾರದ ಐದನೇ ರೋಗಿ, ಎಡಗಣ್ಣಿನ ಕೆಳಗಿನ ಗಡ್ಡೆ. ನಕ್ಷೆಯ ಪ್ರಕಾರ ಕೆಂಪು ಅಂಚು ರೆಪ್ಪೆಯ ಕಡೆ, ನೀಲಿ ಅಂಚು ಕೆನ್ನೆಯ ಕಡೆ. ಕ್ಯಾನ್ಸರ್ ನೀಲಿಯ ಹತ್ತಿರ ಉಳಿದಿತ್ತು. ಹಾಗಾಗಿ ಮರಿ ಡಾಕ್ಟರು ಕೆನ್ನೆಯ ಕಡೆ ಮತ್ತೊಂದು ಪದರ ತೆಗೆದಿದ್ದಾಳೆ. ಅದು ಶುದ್ಧವಾಗಿ ಬಂದಿದೆ. ಕೆನ್ನೆಯ ಚರ್ಮ ಎಳೆದು ಮುಚ್ಚಿ, ಹೊಲಿಗೆ ಹಾಕಿ ಮನೆಗೆ ಕಳಿಸಿದ್ದಾಳೆ.

ಕೆನ್ನೆಯ ಚರ್ಮ ದಪ್ಪ, ಅದರ ತುಂಬ ಎಣ್ಣೆಯ ಗ್ರಂಥಿಗಳು. ರೆಪ್ಪೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಕೆಳಗೇ ಮಾಂಸದ ಎಳೆ. ನೀಲಿ ಅಂಚಿನಲ್ಲಿದ್ದದ್ದು ತೆಳು ಚರ್ಮ. ಕೆಂಪಿನಲ್ಲಿ ದಪ್ಪ. ಮೂರು ಸಲ ನೋಡಿದೆ. ಸ್ಲೈಡು ಅದಲುಬದಲಾಯಿತೇ ಅಂತ ನಂಬರು ನೋಡಿದೆ, ಸರಿಯಿತ್ತು. ಎರಡೂ ಗೀರು ಒಂದೇ ಥರ ಇರುವುದರಿಂದ ಅರ್ಧ ಸುತ್ತು ತಿರುಗಿದರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ.

ಮನೆಗೆ ಬಂದು ಮಂಗಳವಾರದ ಪುಟ ತೆಗೆದೆ. ‘ತಿರುಗಿಸಿ’ ಅಂತ ನಾನೇ ಬರೆದಿದ್ದೇನೆ. ಏಳು ತಟ್ಟೆಯನ್ನೂ ತಿರುಗಿಸಿದೆನೇ? ಉಳಿದ ಆರರ ಸ್ಲೈಡು ನೋಡಿದ್ದೇನೆ, ಅವು ಮೊದಲ ಪದರದಲ್ಲೇ ಪೂರ್ತಿ ಶುದ್ಧ. ಶುದ್ಧವಾದದ್ದು ಯಾವ ಕಡೆ ತಿರುಗಿದರೂ ಶುದ್ಧ. ಆ ಒಂದೇ ಮುಖದಲ್ಲಿ ಕ್ಯಾನ್ಸರ್ ಕಣ್ಣಿನ ಕಡೆ ಕೂತಿದೆ, ಹೊಲಿಗೆಯ ಅಡಿಯಲ್ಲಿ.

ಮಾರ್ಚ್ 1, ಭಾನುವಾರ

ತಂಗಿ ಫೋನ್ ಮಾಡಿದಳು. ಹೇಳಿಬಿಡೋಣ ಅಂತ ಬಾಯಿಯವರೆಗೆ ಬಂತು. ಅವಳು ತನ್ನ ಮಂಡಿನೋವಿನ ವಿಷಯ ಶುರು ಮಾಡಿದಳು. ಪಾಪ, ಅವಳಿಗೂ ಹೇಳಿಕೊಳ್ಳಲು ಯಾರಿದ್ದಾರೆ.

ಹೇಳಿದರೆ ಏನಾಗುತ್ತದೆ? ಇಷ್ಟು ವರ್ಷ ತಪ್ಪಿಲ್ಲದವಳು ಅಂತ ಇದ್ದ ಒಂದೇ ಒಂದು ಹೆಸರು ಹೋಗುತ್ತದೆ. ಹೋಗಲಿ. ಯಾಕೆ ತಿರುಗಿಸಿದಿರಿ ಅಂತ ಕೇಳುತ್ತಾರೆ. ಆಗ ದೊಡ್ಡ ಡಾಕ್ಟರು ತಟ್ಟೆ ತಲೆಕೆಳಗಾಗಿ ಇಡುತ್ತಿದ್ದರು ಅನ್ನಬೇಕು. ಸತ್ತು ವಾರವಾಗಿಲ್ಲ, ಅವರ ಹಳೆಯ ರೋಗಿಗಳ ಕಡತವನ್ನೆಲ್ಲ ಕೆದಕುತ್ತಾರೆ. ಹೇಳದಿದ್ದರೆ? ಯಾರಿಗೂ ತಿಳಿಯುವುದಿಲ್ಲ. ನಿಧಾನವಾಗಿ ಬೆಳೆಯುವ ಜಾತಿ, ಎರಡು ಮೂರು ವರ್ಷ ಬೇಕು. ಆಮೇಲೆ ಕಣ್ಣಿಗೆ ಇಳಿಯುತ್ತದೆ. ಆಗ ಎಲ್ಲರೂ ಹಣೆಬರಹ ಅನ್ನುತ್ತಾರೆ.

ಇದನ್ನು ಬರೆದ ಕೈಯೇ ನನ್ನದೋ ಅಂತ ನೋಡಿದೆ.

ಮಾರ್ಚ್ 3, ಮಂಗಳವಾರ

ಆ ಐದನೇ ರೋಗಿ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದಿದ್ದರು. ನನಗೆ ಮುಖಗಳು ನಕ್ಷೆಯಾಗಿಯೇ ಗೊತ್ತು. ಇವರದ್ದು ಕಿಟಕಿಯ ಸಂದಿಯಲ್ಲಿ ಕಂಡಿತು. ಅರವತ್ತರ ಹೆಂಗಸು, ಅಗಲವಾದ ಹೆಗಲು, ಬಿಸಿಲಿಗೆ ಬೆಂದ ಮೈಬಣ್ಣ, ಇಡೀ ಕಟ್ಟಡಕ್ಕೆ ಕೇಳುವ ದನಿ. ಮಕ್ಕಳಿಗೆ ಈಜು ಕಲಿಸುತ್ತಾರಂತೆ.

"ನೀರಿಗೆ ಯಾವಾಗ ಇಳೀಬಹುದು ಡಾಕ್ಟ್ರೇ?"

"ಇನ್ನೆರಡು ವಾರ ತಡೀರಿ."

"ನಂಗೆ ನೀರಿಲ್ದೆ ಮೈಯೆಲ್ಲ ಕೆರೆತ. ಅಲ್ಲಿ ಮಕ್ಕಳು ಬಾತುಕೋಳಿ ಥರ ದಡದಲ್ಲಿ ಕೂತಿದಾವೆ."

"ಎಲ್ಲಾ ಕ್ಲೀನಾಗಿ ಬಂದಿದೆ, ಚಿಂತೆ ಮಾಡ್ಬೇಡಿ."

"ಚಿಂತೆನಾ? ನಾನಾ?" ಅಂತ ನಕ್ಕರು.

ಗೋಡೆಯ ಈಚೆ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಮರಿ ಡಾಕ್ಟರು ಈ ಕಡೆ ತಿರುಗಿದಾಗ, ಕುಂಬಳಕಾಯಿ ಕಳ್ಳನ ಹಾಗೆ ನನ್ನ ಮುಖ ನಾನೇ ಮುಟ್ಟಿ ನೋಡಿಕೊಂಡೆ. ಅವಳು ಕೇಳಿದ್ದು ಇಷ್ಟೇ: "ಹುಷಾರಿದೀರಾ ಅಕ್ಕ?"

ಹೂಂ ಅಂದೆ. ಅವರು ನಗುತ್ತಲೇ ಹೊರಟುಹೋದರು.

ಮಾರ್ಚ್ 4, ಬುಧವಾರ

ಕೆಲಸ ಮುಗಿಸಿ ದೊಡ್ಡ ಡಾಕ್ಟರ ಮನೆಗೆ ಹೋದೆ. ಮೊದಲ ಸಲ. ಏನು ಕೇಳಲು ಹೋದೆನೋ ಗೊತ್ತಿಲ್ಲ, ಅಪ್ಪಣೆ ಕೇಳಲು ಇರಬೇಕು. ಅವರ ಹೆಂಡತಿ ಬಾಗಿಲು ತೆರೆದು, ಯಾರು ಅಂತ ಒಂದು ಕ್ಷಣ ನೋಡಿದರು.

"ನಾನು ಲ್ಯಾಬಿನ..."

"ಓ, ಕಿಟಕಿಯವರಾ? ಬನ್ನಿ, ಬನ್ನಿ."

ನನಗೆ ಆ ಮನೆಯಲ್ಲಿ ಒಂದು ಹೆಸರಿತ್ತು.

ಮಲಗುವ ಕೋಣೆಯಲ್ಲಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ನಾನೂ ಕೂತು ಅಂಗಿ ಮಡಿಸಿದೆ. ಮಂಚದ ಕೆಳಗೆ ಮನೆಯೊಳಗೆ ಹಾಕುವ ಚಪ್ಪಲಿ ಇತ್ತು. ಅವರು ಅದನ್ನು ಎತ್ತಿಕೊಂಡು ಹೇಳಿದರು:

"ಇದನ್ನ ಯಾವಾಗ್ಲೂ ಹಿಂದುಮುಂದಾಗಿ ಬಿಟ್ಟು ಮಲಗ್ತಿದ್ರು. ನಾನು ತಿರುಗಿಸಿಡ್ತಿದ್ದೆ. ಬೆಳಗ್ಗೆ ಕಾಲು ಇಳಿಸಿದ್ರೆ ಸೀದಾ ಒಳಗೆ ಹೋಗ್ಬೇಕಲ್ಲ. ಮೂವತ್ನಾಲ್ಕು ವರ್ಷ ತಿರುಗಿಸಿದೀನಿ, ಒಂದ್ ದಿನಾನೂ ಹೇಳ್ಲಿಲ್ಲ. ಅವರು ಚಪ್ಪಲಿ ಅಂದ್ರೆ ತಾನಾಗೇ ತಿರುಗತ್ತೆ ಅಂದ್ಕೊಂಡಿದ್ರೋ ಏನೋ." ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಆಸ್ಪತ್ರೇಲಿ ಕೊನೇ ವಾರ ಒಬ್ಬರೇ ಇದ್ರು ಒಂದ್ ರಾತ್ರಿ. ಕಾಲು ಇಳಿಸಿದಾರೆ, ಚಪ್ಪಲಿ ಸಿಕ್ಕಿಲ್ಲ. ಬೆಳಗ್ಗೆ ನಾನು ಹೋದಾಗ ಹಾಗೇ ಕಾಲು ಇಳಿಬಿಟ್ಕೊಂಡು ಕೂತಿದ್ರು. ಎಷ್ಟು ಹೊತ್ತಿಂದ ಅಂದ್ರೆ ಗೊತ್ತಿಲ್ಲ ಅಂದ್ರು. ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ಮನಿದ್ದೆ. ಸುಮ್ಮನಿದ್ದು ಸುಮ್ಮನಿದ್ದು ನಾನೇ ಕೆಡಿಸಿದೆ ಅವರನ್ನ."

ನಾನು ಅಂಗಿಯ ಗುಂಡಿ ಹಾಕುತ್ತಾ ಕೂತಿದ್ದೆ. ತಟ್ಟೆಯ ವಿಷಯ ಹೇಳಲಿಲ್ಲ. ಹೇಳುವ ಅಗತ್ಯ ಉಳಿದಿರಲಿಲ್ಲ. ಹೊರಡುವಾಗ ಅವರು, "ಮತ್ತೆ ಬನ್ನಿ, ಅಂಗಿ ಇನ್ನೂ ಬಹಳ ಇವೆ" ಅಂದರು.

ಮಾರ್ಚ್ 5, ಗುರುವಾರ

ಹೇಳಿದೆ.

ಬೆಳಗ್ಗೆ ಎಂಟಕ್ಕೇ ಹೋಗಿ ಡಾಕ್ಟರ ಮೇಜಿನ ಮೇಲೆ ಆ ನಕ್ಷೆ, ಆ ಸ್ಲೈಡು ಇಟ್ಟೆ. "ಇದನ್ನ ನೋಡಿ. ನೀಲಿ ಕಡೆ ಚರ್ಮ ನೋಡಿ," ಅಂದೆ. ನೋಡಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ತೆಗೆದಾಗ ಮುಖ ಬಿಳಿಚಿಕೊಂಡಿತ್ತು.

"ಇದು ರೆಪ್ಪೆ."

"ಹೌದು. ತಟ್ಟೆ ನಾನು ತಿರುಗಿಸಿದೆ."

ಹತ್ತೊಂಬತ್ತು ವರ್ಷದ ಕಥೆ ಹೇಳಿದೆ. ಹೇಳಲು ನಾಲ್ಕು ನಿಮಿಷವೂ ಆಗಲಿಲ್ಲ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು.

"ಚರ್ಮ ನೋಡಿದ ಕೂಡ್ಲೇ ನಂಗೂ ತಿಳೀಬೇ­ಕಿತ್ತು. ಅವತ್ತು ಐದನೇ ಕೇಸು, ಬಣ್ಣ ನೋಡಿದೆ, ಚರ್ಮ ನೋಡ್ಲಿಲ್ಲ. ನೀವು ವಾಪಸ್ ಹೇಳದೇ ಇದ್ದಾಗ ತಟ್ಟೆ ಬಿಡಬಾರ್ದಿತ್ತು. ಕೇಳಿ ಕೇಳಿ ನಂಗೂ ಸಾಕಾಗಿತ್ತು." ಸ್ವಲ್ಪ ತಡೆದು ಕೇಳಿದರು. "ಯಾವಾಗ ನೋಡಿದ್ರಿ ಇದನ್ನ?"

"ಸ್ಲೈಡು ಜೋಡಿಸುವಾಗ."

ಅದು ಸುಳ್ಳಲ್ಲ.

ಮಾರ್ಚ್ 6, ಶುಕ್ರವಾರ

ಈಜಿನ ಟೀಚರನ್ನು ಕರೆಸಿದರು. ನಾನೂ ಇರುತ್ತೇನೆ ಅಂದೆ. ಲ್ಯಾಬಿನವರು ರೋಗಿಗಳ ಎದುರು ಹೋಗುವ ಪದ್ಧತಿ ಇಲ್ಲ. "ಬನ್ನಿ" ಅಂದರು ಡಾಕ್ಟರು.

ಹೇಳಿ ಮುಗಿಸಿದ ಮೇಲೆ ಟೀಚರು ಮೊದಲು ಡಾಕ್ಟರನ್ನು ನೋಡಿದರು, ಆಮೇಲೆ ನನ್ನನ್ನು.

"ಅಂದ್ರೆ ಇಲ್ಲದ ಕಡೆ ಕೊಯ್ದು, ಇರೋ ಕಡೆ ಬಿಟ್ರಿ."

"ಹೌದು," ಅಂದೆ.

"ನಾನು ಊರಿಗೆಲ್ಲ ವಾಸಿಯಾಯ್ತು ಅಂತ ಹೇಳ್ಕೊಂಡು ಬಂದಿದೀನಿ."

ಡಾಕ್ಟರು, ಬೇರೆ ಕಡೆ ಮಾಡಿಸಿಕೊಳ್ಳುವುದಾದರೆ ಕಾಗದ ಬರೆದುಕೊಡುತ್ತೇನೆ ಅಂದರು. ಟೀಚರು ಬಹಳ ಹೊತ್ತು ಕೆನ್ನೆಯ ಮೇಲಿನ ಗಾಯದ ಗೆರೆಯನ್ನು ಬೆರಳಲ್ಲಿ ಸವರುತ್ತಿದ್ದರು.

"ಬೇಡ. ನೀವೇ ಮಾಡಿ. ಬಣ್ಣಾನೂ ಇವರೇ ಹಚ್ಚಲಿ. ಒಂದ್ಸಲ ಮುಳುಗಿದ ಮಗು ಆಳ ಎಲ್ಲಿದೆ ಅಂತ ಮರೆಯಲ್ಲ. ಹಾಗಂತ ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ."

"ಇಲ್ಲ," ಅಂದೆ.

ಮಾರ್ಚ್ 9, ಸೋಮವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಡಾಕ್ಟರು ನನ್ನನ್ನು ಆಪರೇಷನ್ ಕೋಣೆಯ ಒಳಗೇ ಕರೆದರು. ರೋಗಿಯ ತಲೆಯ ಹಿಂದೆ, ದೊಡ್ಡ ಡಾಕ್ಟರು ಕೂರುತ್ತಿದ್ದ ಜಾಗದಲ್ಲಿ ನಿಂತೆ. ಅಲ್ಲಿಂದ ಮುಖ ನಿಜವಾಗಿಯೂ ತಲೆಕೆಳಗು. ಬಾಯಿ ಇರಬೇಕಾದ ಕಡೆ ಹಣೆ. ಇಷ್ಟು ವರ್ಷ ಅವರು ಜನರನ್ನು ಹೀಗೆ ನೋಡುತ್ತಿದ್ದರು.

ಹೊಲಿದ ಚರ್ಮ ಬಿಚ್ಚುವುದಕ್ಕೇ ಬಹಳ ಹೊತ್ತು ಹಿಡಿಯಿತು. ಡಾಕ್ಟರು ಬಗ್ಗಿ ಕೆಲಸ ಮಾಡುತ್ತಲೇ ಮೆಲ್ಲಗೆ ಹೇಳಿದರು, "ಕೂಡ್ಕೊಂಡ್ಬಿಟ್ಟಿದೆ. ಒಂದು ವಾರ ಮುಂಚೆ ಆಗಿದ್ರೆ ಸುಮ್ಮನೆ ಎತ್ತಿದ್ರೆ ಬರ್ತಿತ್ತು. ಈಗ ರೆಪ್ಪೆ ಸ್ವಲ್ಪ ಎಳೆಯತ್ತೇನೋ."

ಈ ಸಲ ಮೇಲಿನ ಕಡೆ ಎರಡು ಗೀರು, ಕೆಳಗಡೆ ಒಂದೇ ಗೀರು. ಎಷ್ಟು ತಿರುಗಿದರೂ ತಿಳಿಯುತ್ತದೆ. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ತಟ್ಟೆ ತಿರುಗಿಸಲು ನಾನಿದ್ದೆನಲ್ಲ.

ಡಾಕ್ಟರು ತಟ್ಟೆ ಹಿಡಿದು, "ಎರಡು ಗೀರು ಕಣ್ಣಿನ ಕಡೆ," ಅಂದರು.

"ಎರಡು ಗೀರು ಕಣ್ಣಿನ ಕಡೆ. ಕೆಂಪು," ಅಂದೆ. ದನಿ ಒಡೆಯಿತು.

ಹಸಿರು ಬಟ್ಟೆಯ ಅಡಿಯಿಂದ ಟೀಚರು, "ಕೇಳಿಸ್ಲಿಲ್ಲ. ಜೋರಾಗಿ," ಅಂದರು.

ಜೋರಾಗಿ ಹೇಳಿದೆ. ಕೌಂಟರಿನವರೆಗೂ ಕೇಳಿಸಿತಂತೆ.

ಮೊದಲ ಸ್ಲೈಡಿನಲ್ಲಿ ಕೆಂಪಿನ ಪಕ್ಕದಲ್ಲೇ ಇತ್ತು ಅದು, ದಟ್ಟ ನೇರಳೆಯ ಸಣ್ಣ ಗುಂಪು. ಡಾಕ್ಟರು ಮತ್ತೆ ಕತ್ತರಿಸಿದರು, ಮತ್ತೆ ಕೂಗಿ ಹೇಳಿದೆವು. ಎರಡನೆಯದರಲ್ಲೂ ಕೂದಲೆಳೆಯಷ್ಟು. ಮೂರನೆಯದು ಪೂರ್ತಿ ಶುದ್ಧ. ನಾನು ನೋಡಿದೆ, ಡಾಕ್ಟರು ನೋಡಿದರು, ಬಣ್ಣ ನೋಡಿದೆವು, ಚರ್ಮ ನೋಡಿದೆವು. ಆಮೇಲೇ ಹೊಲಿಗೆ. ಬೆಳಗ್ಗೆ ಒಂಬತ್ತಕ್ಕೆ ಶುರುವಾದದ್ದು ಮುಗಿದಾಗ ಸಂಜೆ ನಾಲ್ಕು. ನಾವಿಬ್ಬರೂ ಕಿಟಕಿಯ ಈಚೆ ಆಚೆ ನಿಂತು ಬಿಸಿ ಚಹಾ ಕುಡಿದೆವು.

ಮಾರ್ಚ್ 11, ಬುಧವಾರ

ದೊಡ್ಡ ಡಾಕ್ಟರ ಮನೆಗೆ ಹೋಗಿದ್ದೆ. ಅಂಗಿಗಳು ಮುಗಿದವು, ಪುಸ್ತಕಗಳು ಉಳಿದಿವೆ. ಇವತ್ತು ತಟ್ಟೆಯ ವಿಷಯ ಹೇಳಿದೆ. "ನೀವೂನಾ?" ಅಂತ ಅವರು ನಗುತ್ತಾ ಅತ್ತರು. ನಾನೂ ಅತ್ತೆ. ಎರಡು ವಾರ ತಡವಾಗಿ, ಬೇರೆಯವರ ಮನೆಯ ಕುರ್ಚಿಯಲ್ಲಿ.

ದೊಡ್ಡ ಡಾಕ್ಟರ ಹಳೆಯ ಕಡತಗಳನ್ನು ಡಾಕ್ಟರು ಮತ್ತು ನಾನು ದಿನಕ್ಕೆ ಹತ್ತರಂತೆ ತೆಗೆದು ನೋಡುತ್ತಿದ್ದೇವೆ. ಇಲ್ಲಿಯವರೆಗೆ ಎಲ್ಲ ಸರಿ.

ಮಾರ್ಚ್ 30, ಸೋಮವಾರ

ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನೆರಳು ಬಿತ್ತು. ಈಜಿನ ಟೀಚರು. ರೋಗಿಯೊಬ್ಬರು ಈ ಕೋಣೆಯೊಳಗೆ ಬಂದದ್ದು ಇದೇ ಮೊದಲು. ಗಾಯ ವಾಸಿಯಾಗಿದೆ. ಎಡಗಣ್ಣಿನ ಕೆಳರೆಪ್ಪೆ ಸ್ವಲ್ಪ ಜೋತಿದೆ, ಅಲ್ಲಿಂದ ನೀರು ಇಳಿಯುತ್ತಿರುತ್ತದೆ. ಮಾತಾಡುವಾಗೆಲ್ಲ ಕರವಸ್ತ್ರದಲ್ಲಿ ಒತ್ತಿಕೊಳ್ಳುತ್ತಾರೆ.

"ಬಿಸಿಲಿಗೆ ಹೋದ್ರೆ ಸುರಿಯತ್ತೆ. ಟೀಚರ್ ಅಳ್ತಿದಾರೆ ಅಂತ ಮಕ್ಕಳು ಹೆದರ್ಕೋತಾವೆ. ಒಂದು ಸಣ್ಣ ಆಪರೇಷನ್ ಮಾಡಿದ್ರೆ ಸ್ವಲ್ಪ ಸರಿಹೋಗತ್ತಂತೆ. ಪೂರ್ತಿ ಹೋಗಲ್ವಂತೆ." ಸುತ್ತ ನೋಡಿದರು. "ಅದನ್ನ ತೋರಿಸ್ತೀರಾ? ನನ್ನದು."

ಸ್ಲೈಡು ತೆಗೆದು ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಬಲಗಣ್ಣಿನಲ್ಲಿ ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಇದನ್ನ ನೀವು ಪೆಟ್ಟಿಗೇಲಿ ಹಾಕಿ ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ನೋಡಿದ ತಕ್ಷಣ ಓಡಿಬಂದು ಹೇಳಿದ್ರಂತೆ. ಅವರಿಗೆ ನಿಮ್ಮ ಮೇಲೆ ಬಹಳ ಗೌರವ."

ತಲೆ ಆಡಿಸಿದ್ದರೆ ಮುಗಿಯುತ್ತಿತ್ತು.

"ತಕ್ಷಣ ಅಲ್ಲ," ಅಂದೆ.

ಅವರು ಕಣ್ಣು ತೆಗೆದು ನನ್ನ ಕಡೆ ನೋಡಿದರು. "ಮತ್ತೆ?"

"ಆರು ದಿನ ಆದ್ಮೇಲೆ."

"ನಾನು ಹೊಲಿಗೆ ಬಿಚ್ಚಿಸ್ಕೊಳ್ಳೋಕೆ ಬಂದಿದ್ನಲ್ಲ."

"ಅವತ್ತೂ ಗೊತ್ತಿತ್ತು. ಈ ಗೋಡೆ ಹಿಂದೇನೇ ನಿಂತಿದ್ದೆ. ಬೇಗ ಹೇಳಿದ್ರೆ ನಿಮ್ಮ ರೆಪ್ಪೆ ಹೀಗೆ ಎಳೀತಿರ್ಲಿಲ್ವೇನೋ."

ಅವರು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡು ಹಾಗೆಯೇ ಇಟ್ಟುಕೊಂಡರು. ಅಳುತ್ತಿದ್ದರೋ ಇಲ್ಲವೋ ಹೇಳಲಾರೆ.

"ಆರು ದಿನ ಯಾರಿಗೂ ಹೇಳ್ಲಿಲ್ವಾ? ಮನೇಲಿ?"

"ಮನೇಲಿ ಯಾರೂ ಇಲ್ಲ."

"ಡಾಕ್ಟ್ರಿಗೆ ಗೊತ್ತಾ ಈ ಆರು ದಿನ?"

"ಇಲ್ಲ."

ಅವರು ಕರವಸ್ತ್ರ ಮಡಿಸಿ ಜೇಬಿಗೆ ಹಾಕಿಕೊಂಡರು.

"ನಂಗೆ ಸಿಟ್ಟು ಬಂದಿದೆ. ಮೊದಲಿಗಿಂತ ಜಾಸ್ತಿ. ಅದು ಬೇಗ ಹೋಗಲ್ಲ. ಎದ್ದೇಳಿ, ಹೋಗಿ ಅವರಿಗೆ ಹೇಳಿ."

"ಹೇಳ್ತೀನಿ. ನಾಳೆ ಬೆಳಗ್ಗೆ..."

"ನಾಳೆ ಅಲ್ಲ, ಈಗ. ನಡೀರಿ, ನಾನೂ ಬರ್ತೀನಿ."

ಸೂಕ್ಷ್ಮದರ್ಶಕದ ದೀಪ ಆರಿಸಿ ಎದ್ದೆ. ಕಾರಿಡಾರಿನ ಉದ್ದಕ್ಕೂ ಅವರು ನನ್ನ ಮೊಣಕೈ ಹಿಡಿದಿದ್ದರು. ಓಡಿಹೋಗದಿರಲಿ ಅಂತಲೋ ಬೀಳದಿರಲಿ ಅಂತಲೋ ತಿಳಿಯಲಿಲ್ಲ. ಡಾಕ್ಟರ ಬಾಗಿಲನ್ನು ಅವರು ತಟ್ಟಿದರು. ಹೇಳಿದ್ದು ನಾನು.